ಅವ್ವಗ ಬೀಳೋ ರಿಸ್ಕ್ ಜಾಸ್ತಿ ಅಂತ ಬರದು ಕೊಟ್ಟಾರ, 16 ಸೆಕೆಂಡ್ ಅಂದ್ರ ಅಷ್ಟು ಕೆಟ್ಟೇನ್ರಿ?

ಬ್ರಹ್ಮಪುರ_ಅಕ್ಕ:

ಎಲ್ಲರಿಗೂ ನಮಸ್ಕಾರ್ರಿ. ನಾವು ಕಲಬುರಗಿದಾಗ ಇರ್ತೀವಿ, ಮೂಲ ಸೇಡಂ ಕಡಿ. ಅವ್ವಗ ಈಗ 74 ನಡದದ. ಬಿಪಿ ಅದ, ಶುಗರ್ ಅದ, ಮೊಣಕಾಲ ನೋವು ಹಳೀದು. ಆದ್ರ ತನ್ನ ಕೆಲಸ ಎಲ್ಲಾ ತಾನೇ ಮಾಡ್ಕೋತಾಳ, ರೊಟ್ಟಿ ಬಡೀಲಕ್ಕ ಕುಂತ್ರ ಇವತ್ತಿಗೂ ನಮಗ ಕೈ ಹಚ್ಚಗೊಡಂಗಿಲ್ಲ.

ಮೊನ್ನೆ ನಮ್ಮ ಓಣಿದಾಗ ಹಿರಿಯರಿಗಿ ಅಂತ ಫ್ರೀ ಕ್ಯಾಂಪ್ ಇತ್ತು, ಬಿಪಿ ಶುಗರ್ ನೋಡಿದ್ ಮ್ಯಾಲ ಒಬ್ಬ ಹುಡುಗಿ ಅವ್ವನ್ನ ಕುರ್ಚಿ ಮ್ಯಾಲ ಕುಂದ್ರಸಿ ಎದ್ದು ನಡ್ಕೊಂಡು ಹೋಗಿ ತಿರುಗಿ ಬಂದು ಕುಂದ್ರು ಅಂತ ಮೊಬೈಲ್‌ನಾಗ ಟೈಮ್ ಹಿಡದಳು, ಆಮ್ಯಾಲ ಕೈ ಎದಿ ಮ್ಯಾಲ ಕಟ್ಕೊಂಡು ಅರ್ಧ ನಿಮಿಷ ಎದ್ದು ಕುಂತು ಎದ್ದು ಕುಂತು ಮಾಡಸಿದಳು, ಆಮ್ಯಾಲ ಒಂದು ಕಾಲಿನ ಮುಂದ ಇನ್ನೊಂದು ಕಾಲು ಇಟ್ಟು ನಿಲ್ಲು ಅಂದಳು. ಚೀಟಿ ಮ್ಯಾಲ ಬರದದ್ದು ಇಷ್ಟು: ನಡಿಗಿ 16 ಸೆಕೆಂಡ್, ಎದ್ದು ಕುಂತದ್ದು 7 ಸಲ, ನಿಂತದ್ದು 6 ಸೆಕೆಂಡ್. ಕೆಳಗ ಕೆಂಪು ಪೆನ್ನಿಲೆ ಬೀಳೋ ಅಪಾಯ ಹೆಚ್ಚು ಅಂತ.

ಅವ್ವ ಅಂತೂ ಮನಿಗಿ ಬರೋತನ ಬೈದಳು, ನಾ ಏನು ಸಾಲಿ ಹುಡುಗಿ ಏನ ನನಗ ಪರೀಕ್ಷಾ ಮಾಡ್ಲಕ್ಕ ಅಂತ. ನಮ್ಮಣ್ಣ ಮನ್ಯಾಗ ಮತ್ತ ಮಾಡಸ್ದ, ಜಲ್ದಿ ಜಲ್ದಿ ಬಾ ಅವ್ವಾ ಅಂತ ಕೂಗಿ 12 ಸೆಕೆಂಡಿಗಿ ಬಂತು ನೋಡು ನಾರ್ಮಲ್ ಅದ ಅಂತಾನ. ಅವ್ವ ಇಲ್ಲೀತನ ಬಿದ್ದೇ ಇಲ್ಲ. ಈಗ ಈ ಚೀಟಿ ನಂಬ್ಬೇಕೋ ಬಿಡಬೇಕೋ? ಗೊತ್ತಿದ್ದವ್ರು ಹೇಳ್ರಿ.

ಶಹಾಪುರ_ಮಾವ:

ತಂಗಿ ಚಿಂತಿ ಮಾಡಬ್ಯಾಡ. 74 ಆದ ಮ್ಯಾಲ ಯಾರು ಓಡ್ತಾರ ಹೇಳು. ಇಂಥ ಕ್ಯಾಂಪಿನಾಗ ಮೊದಲು ಹೆದರಸ್ತಾರ ಆಮ್ಯಾಲ ಮೊಣಕಾಲ ಬೆಲ್ಟ್ ಮಾರ್ತಾರ. ಒಂದು ವಿಟಮಿನ್ ಡಿ ಇಂಜೆಕ್ಷನ್ ದೊಡ್ಡದು ಹಾಕಸಿ ಬಿಡು, ವರ್ಷ ನಡೀತದ. ನಮ್ಮ ಮನ್ಯಾಗೂ ಹಾಕಸೀವಿ.

ಬೀದರ್_ಫಿಸಿಯೋ:

ಅಕ್ಕಾರ, ನಾ ಫಿಸಿಯೋಥೆರಪಿ ಕೆಲಸ ಮಾಡ್ತೀನಿ, ಹಿರಿಯರ ಕೇಸೇ ಹೆಚ್ಚು. ನಿಮ್ಮ ಅವ್ವಾರನ್ನ ನೋಡದೇ ಪೂರ್ತಿ ಹೇಳ್ಲಕ್ಕ ಆಗಂಗಿಲ್ಲ, ಆದ್ರ ಆ ಚೀಟಿ ಓದೋದು ಹ್ಯಾಂಗ ಅಂತ ಹೇಳ್ತೀನಿ, ಜರಾ ಉದ್ದ ಆಗ್ತದ.

ಆ ನಡಿಗಿ ಟೆಸ್ಟಿಗಿ ಟೈಮ್ಡ್ ಅಪ್ ಅಂಡ್ ಗೋ ಅಂತಾರ. 1991ರಾಗ ಕೆನಡಾದ ಇಬ್ಬರು ಬರದದ್ದು. ಕುರ್ಚಿಯಿಂದ ಎದ್ದು, 3 ಮೀಟರ್ ಅಂದ್ರ ಸುಮಾರು ಹತ್ತು ಫೂಟ್ ನಡದು, ತಿರುಗಿ ಬಂದು ಕುಂದ್ರೋದು, ಇಷ್ಟೇ. ಇದ್ರಾಗ ಕುರ್ಚಿ ಕೈ ಹಿಡದು ಏಳಬಹುದು, ಬಡಿಗಿ ಇದ್ರ ಬಡಿಗಿ ಹಿಡಕೊಂಡೇ ನಡೀಬಹುದು. ಆದ್ರ ದಿನಾ ನಡೆಯೋ ಹಂಗೇ ನಡೀಬೇಕು. ಅಣ್ಣಾರು ಜಲ್ದಿ ಜಲ್ದಿ ಅಂದಿದ್ದಕ್ಕೇ 12 ಬಂದದ, ಅದು ಲೆಕ್ಕಕ್ಕ ಬರಂಗಿಲ್ಲ. ಯಾರೂ ಬಚ್ಚಲಿಗಿ ಹೋಗುವಾಗ ಹಿಂದ ನಿಂತು ಕೂಗಂಗಿಲ್ಲಲ್ಲ.

ಎದ್ದು ಕುಂದ್ರೋ ಟೆಸ್ಟಿನಾಗ ಉಲ್ಟಾ, ಕೈ ಹಚ್ಚಿದ್ರ ಸೊನ್ನಿ ಹಾಕ್ತಾರ. 30 ಸೆಕೆಂಡಿನಾಗ 70ರಿಂದ 79 ವಯಸ್ಸಿನ ಹೆಣ್ಮಕ್ಕಳಿಗಿ 10ಕ್ಕಿಂತ ಕಮ್ಮಿ ಆದ್ರ ಸರಾಸರಿಗಿಂತ ಕೆಳಗ ಅಂತ ಅಮೆರಿಕಾದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವ್ರ ಪಟ್ಟಿ ಅದ. ಅವ್ವಾರು 7. ಇದು ತೊಡಿ ಸ್ನಾಯುವಿನ ಶಕ್ತಿ ತೋರಸ್ತದ. ಮುಂದಿನ ಕಾಲಿನ ಹಿಮ್ಮಡಕ್ಕ ಹಿಂದಿನ ಕಾಲಿನ ಬೆರಳು ತಾಕಸಿ ನಿಲ್ಲೋದು ಬ್ಯಾಲೆನ್ಸ್ ನೋಡ್ಲಕ್ಕ, ಅಲ್ಲಿ 10 ಸೆಕೆಂಡ್ ನಿಲ್ಲಬೇಕು, ಅವ್ವಾರು 6ಕ್ಕ ಕಾಲು ತಗದಾರ. ಅಂದ್ರ ಮೂರೂ ಒಂದೇ ಕಡಿ ಬೆರಳು ಮಾಡ್ಲತ್ತಾವ. ಒಂದೇ ಟೆಸ್ಟ್ ಕೆಟ್ಟಿದ್ರ ನಾ ಇಷ್ಟು ಬರೀತಿದ್ದಿಲ್ಲ.

ಈಗ ಇನ್ನೊಂದು ಕಡಿ. ನಡಿಗಿ ಟೆಸ್ಟಿಗಿ 12 ಸೆಕೆಂಡ್ ಇಲ್ಲಾ ಅದಕ್ಕಿಂತ ಹೆಚ್ಚು ಹಿಡದ್ರ ರಿಸ್ಕ್ ಅಂತ ಸಿಡಿಸಿ ಅಂತದ, 13.5 ಅಂತ ಒಂದು ಹಳೇ ಲೆಕ್ಕ ಅದ, 2022ರಾಗ ಬಂದ ಜಾಗತಿಕ ಮಾರ್ಗಸೂಚಿದಾಗ 15 ಅಂತ ಅದ. ಒಂದೇ ಟೆಸ್ಟಿಗಿ ಇಷ್ಟು ಗೆರಿ ಯಾಕಂದ್ರ, ಮನ್ಯಾಗ ಅಡ್ಡಾಡ್ಕೊಂಡು ಇರೋ ಹಿರಿಯರಾಗ ಯಾರು ಬೀಳ್ತಾರ ಯಾರು ಬೀಳಂಗಿಲ್ಲ ಅಂತ ಈ ಸೆಕೆಂಡ್ ಒಂದೇ ಸರಿಯಾಗಿ ಹೇಳಂಗಿಲ್ಲ. 2014ರಾಗ ಎಷ್ಟೋ ಅಧ್ಯಯನ ಕೂಡಸಿ ನೋಡಿದಾಗ ಅದೇ ಬಂತು. ಅದಕ್ಕ ಕೆಂಪು ಪೆನ್ನಿಂದ ಬರದು ಕಳಸೋದು ನನಗ ಸೇರಂಗಿಲ್ಲ. ಚೀಟಿ ಭವಿಷ್ಯ ಹೇಳ್ಲತ್ತಿಲ್ಲ, ಯಾವ ಭಾಗ ಸೊರಗ್ಯದ ಅಂತ ಹೇಳ್ಲತ್ತದ. ನಾ ಟೈಮ್‌ಕ್ಕಿಂತ ಹ್ಯಾಂಗ ಮಾಡ್ತಾರ ಅನ್ನೋದೇ ಹೆಚ್ಚು ನೋಡ್ತೀನಿ. ಎದ್ದ ತಕ್ಷಣ ಒಂದು ಗಳಿಗಿ ತೂಗಾಡ್ತಾರೇನು, ತಿರಗುವಾಗ ನಾಕೈದು ಸಣ್ಣ ಸಣ್ಣ ಹೆಜ್ಜಿ ಹಾಕ್ತಾರೇನು, ಕುಂದ್ರುವಾಗ ಧಪ್ ಅಂತ ಬೀಳ್ತಾರೇನು. ಮಾತಾಡಸಿದ್ರ ನಡಿಯೋದು ಬಿಟ್ಟು ನಿಂತು ಉತ್ತರ ಕೊಡ್ತಾರೇನು, ಇದ್ರ ಮ್ಯಾಲ 1997ರಾಗ ಸ್ವೀಡನ್‌ದವ್ರು ಬರದಾರ, ಮಾತಾಡ್ಲಕ್ಕ ನಡಿಗಿ ನಿಲ್ಲಸೋರು ಹೆಚ್ಚು ಬೀಳ್ತಾರ ಅಂತ ಅವ್ರಿಗಿ ಕಂಡಿತ್ತು.

ಈಗ ನೀವು ಅವ್ವಾರಿಗಿ ಮೂರು ಕೇಳ್ರಿ. ಹೋದ ವರ್ಷದಾಗ ಬಿದ್ದೀರೇನು, ನಿಂತಾಗ ನಡದಾಗ ತೋಲ ತಪ್ಪಿದಂಗ ಆಗ್ತದೇನು, ಬೀಳ್ತೀನಿ ಅನ್ನೋ ಹೆದರಿಕಿ ಅದೇನು. ಸ್ಟಾಪ್‌ವಾಚ್‌ಕ್ಕಿಂತ ಈ ಮೂರಕ್ಕ ಬೆಲಿ ಹೆಚ್ಚು, ಅದ್ರಾಗೂ ಒಮ್ಮೆ ಬಿದ್ದವ್ರು ಮತ್ತ ಬೀಳೋದು ಹೆಚ್ಚು. ನಾನು ಕೇಳಿದಾಗ ಎಲ್ಲರೂ ಇಲ್ಲ ಅಂತಾರ, ಮಗಳು ಕೇಳಬೇಕು, ಅದೂ ಬ್ಯಾರೆ ಯಾರೂ ಇಲ್ದಾಗ.

ಬ್ರಹ್ಮಪುರ_ಅಕ್ಕ:

ಸರ ಇಷ್ಟು ಬರದಿದ್ದಕ್ಕ ಭಾಳ ಥ್ಯಾಂಕ್ಸ್ ರಿ. ಕೇಳಿದೆ. ಅವ್ವ ಇಲ್ಲ ಅಂದಳು, ಪಕ್ಕದಾಗ ಕುಂತಿದ್ದ ನನ್ನ ಮಗಳು ಸುಮ್ಮನಿರದೇ ಅಜ್ಜಿ ಪಂಚಮಿ ಹಬ್ಬದಾಗ ಬಚ್ಚಲದಾಗ ಬಿದ್ದಿದ್ದಳು ಯಾರಿಗೂ ಹೇಳಬ್ಯಾಡ ಅಂದಿದ್ದಳು ಅಂತ ಒದರಿಬಿಟ್ಟಳು. ಅವ್ವ ಏನಂತಾಳ ಗೊತ್ತೇನ್ರಿ, ಬಿದ್ದಿಲ್ಲ, ಜಾರಿ ಕುಂತೀನಿ ಅಷ್ಟೇ ಅಂತ. ನಾ ಏನೂ ಅನ್ಲಿಲ್ಲ, ಬಚ್ಚಲ ಬಾಗಲಾ ಬಿಟ್ಟು ಹೊರಗ ಬಂದು ಅಳು ಬಂದಂಗ ಆತು. ನಮ್ಮ ಬಚ್ಚಲದಾಗ ಹಾಸಿದ್ದು ಶಾಹಾಬಾದ್ ಕಲ್ಲು, ನೀರು ಬಿದ್ರ ಹ್ಯಾಂಗ ಅಂತ ನಿಮಗ ಗೊತ್ತೇ ಅದ. ಇನ್ನೊಂದು, ಆಕಿ ರಾತ್ರಿ ಎರಡು ಮೂರು ಸಲ ಎದ್ದು ಹೋಗ್ತಾಳ, ಲೈಟ್ ಹಚ್ಚಂಗಿಲ್ಲ, ನಮಗ ನಿದ್ದಿ ಕೆಡ್ತದ ಅಂತ.

ಆದ್ರ ಒಂದು ಡೌಟ್. ಅವ್ವ ಕುರ್ಚಿ ಮ್ಯಾಲ ಕುಂದ್ರೋದೇ ಕಮ್ಮಿ, ದಿನಪೂರ್ತಿ ನೆಲದ ಮ್ಯಾಲ. ಅದೇ ವ್ಯಾಯಾಮ ಅಲ್ಲೇನ್ರಿ? ಕುರ್ಚಿ ಟೆಸ್ಟಿನಾಗ 7 ಬಂದದ್ದು ರೂಢಿ ಇಲ್ಲಂತ ಆಗಿರಬಹುದಲ್ಲ?

ಚಿತ್ತಾಪುರ_ಮಾಸ್ತರ:

ಅಕ್ಕಾರ ನಾ ಡಾಕ್ಟರ್ ಅಲ್ಲ, ರಿಟೈರ್ಡ್ ಮಾಸ್ತರ, ನಮ್ಮಪ್ಪನ ಸಲುವಾಗಿ ಅಡ್ಡಾಡಿದ ಅನುಭವ ಅದ. ನಮ್ಮಪ್ಪ ಯಾವಾಗಲೂ ಮುಂಜಾನೆ ಹೊರಸಿನಿಂದ ಎದ್ದು ನಾಕು ಹೆಜ್ಜಿ ಹೋಗೋದ್ರಾಗ ಕಣ್ಣಿಗಿ ಕತ್ತಲಿ ಬರ್ತದ ಅಂತಿದ್ದ, ನಾವು ವಯಸ್ಸು ಅಂತ ಬಿಟ್ಟಿದ್ವಿ. ಒಬ್ಬ ಡಾಕ್ಟರ್ ಮಲಗಿಸಿ ಬಿಪಿ ನೋಡಿ, ನಿಲ್ಲಸಿ ಒಂದು ನಿಮಿಷಕ್ಕ, ಮೂರು ನಿಮಿಷಕ್ಕ ಮತ್ತ ನೋಡಿದ್ರು. ಮ್ಯಾಲಿನ ಬಿಪಿ ಭಾಳ ಇಳಿತಿತ್ತು. 20 ಇಳದ್ರ, ಇಲ್ಲಾ ಕೆಳಗಿಂದು 10 ಇಳದ್ರ ಅದನ್ನ ತಿಳಕೊಳ್ಳಬೇಕು ಅಂದ್ರು. ಅಪ್ಪಗ ಬಿಪಿ ಗುಳಿಗಿ ಎರಡು, ಪ್ರಾಸ್ಟೇಟ್‌ದ ಗುಳಿಗಿ ಒಂದು, ಮ್ಯಾಲ ನಿದ್ದಿ ಗುಳಿಗಿ ಬ್ಯಾರೆ, ಯಾವುದೋ ಅಂಗಡ್ಯಾಗ ಕೇಳಿ ತಗೊಂಡದ್ದು. ಗುಳಿಗಿ ನೋಡಿ ಬದಲಿ ಮಾಡಿದ ಮ್ಯಾಲ ಕತ್ತಲಿ ಬರೋದು ಕಮ್ಮಿ ಆತು. ನಡಿಗಿ ಟೆಸ್ಟ್ ಮಾಡಿದ್ರ ನಮ್ಮಪ್ಪ ಬಾಳ ಚೊಲೊ ಪಾಸಾಗ್ತಿದ್ದ, ಮಧ್ಯಾಹ್ನ ಮಾಡ್ತಾರಲ್ಲ ಟೆಸ್ಟ್, ಕತ್ತಲಿ ಬರ್ತಿದ್ದದ್ದು ಮುಂಜಾನೆ.

ಹಂಗಂತ ಅಕ್ಕಾರ ನಿಮ್ಮ ಅವ್ವನ ಗುಳಿಗಿ ನೀವೇ ಬಿಡಸಬ್ಯಾಡ್ರಿ ಮತ್ತ.

ಶಾಹಾಬಾದ್ ಕಲ್ಲಿನ ಬಗ್ಗಿ: ನಮ್ಮ ಮನಿ ಪೂರ್ತಿ ಅದೇ, ಬ್ಯಾಸಗಿದಾಗ ಅದರಂಥ ತಂಪು ಯಾವ ಟೈಲ್ಸಿಗೂ ಇಲ್ಲ, ನಾ ಅದನ್ನ ಬಿಡಂಗಿಲ್ಲ. ಆದ್ರ ಬಚ್ಚಲದಾಗ ಸಾಬಾನಿನ ನೀರು ಕೂಡಿ ಕೂಡಿ ನುಣುಪು ಆಗಿಬಿಡ್ತದ. ಗೌಂಡಿ ಕರಸಿ ಕಲ್ಲು ಒರಟಾಗೋ ಹಂಗ ಟಾಕಿ ಹೊಡಸಿದ್ವಿ, ಹಳೇ ಕಾಲದಾಗ ಹೊಡಸ್ತಿದ್ರಲ್ಲ ಅದೇ. ಬಾಗಲದಾಗಿನ ಕಾಲೊರಸೋ ಗೋಣಿತಟ್ಟು ತಗದು ಒಗದ್ವಿ, ಅದು ಕಲ್ಲಿಗಿಂತ ಅಪಾಯ.

ಬೀದರ್_ಫಿಸಿಯೋ:

ಮಾಸ್ತರ್ ಸರ ಹೇಳಿದ ಬಿಪಿ ವಿಷಯ ನಾ ಬಿಟ್ಟಿದ್ದೆ ನೋಡ್ರಿ, ಅದು ಈ ಮೂರು ಟೆಸ್ಟಿನಾಗ ಎಲ್ಲೂ ಸಿಗಂಗಿಲ್ಲ. ಅವ್ವಾರಿಗಿ ಶುಗರ್ ಬ್ಯಾರೆ ಅದ, ಅಂಗಾಲು ಜೋಮು ಹಿಡದಂಗ ಆಗ್ತದೇನು, ಚಪ್ಪಲ್ ಜಾರಿ ಹೋದದ್ದು ಗೊತ್ತಾಗಂಗಿಲ್ಲೇನು, ಅದೂ ಕೇಳ್ರಿ. ಕಣ್ಣಿಗಿ ಪೊರಿ ಬಂದದೇನು ತೋರಸ್ರಿ.

ನೆಲದ ಪ್ರಶ್ನಿ ಚೊಲೊ ಪ್ರಶ್ನಿ. ನೆಲದ ಮ್ಯಾಲ ಕುಂದ್ರೋರ ಟೊಂಕ, ಮೊಣಕಾಲು ಮಡಚಲಕ್ಕ ಚೊಲೊ ಇರ್ತಾವ, ಅದು ನಾ ಒಪ್ತೀನಿ. ಆದ್ರ ಏಳೋದು ನೋಡ್ರಿ. ಒಂದು ಕೈ ನೆಲಕ್ಕ, ಒಂದು ಕೈ ಮೊಣಕಾಲಿಗಿ, ಆಮ್ಯಾಲ ಗ್ವಾಡಿಗಿ, ಆಮ್ಯಾಲ ಉಶ್ ಅಂತ. ಎತ್ತೋ ಕೆಲಸ ಅರ್ಧ ಕೈನೇ ಮಾಡ್ತದ. ದಿನಕ್ಕ ಎಷ್ಟು ಸಲ ಎದ್ರೂ ತೊಡಿಗಿ ಪೂರಾ ಕೆಲಸ ಬೀಳಂಗಿಲ್ಲ. ಬ್ರೆಜಿಲ್‌ದವ್ರು ನೆಲದ ಮ್ಯಾಲ ಕುಂತು ಏಳೋದಕ್ಕೇ ಒಂದು ಟೆಸ್ಟ್ ತಂದಾರ, 10 ಮಾರ್ಕು, ಕೈ ಮೊಣಕಾಲು ಊರಿದಂಗೆಲ್ಲಾ ಒಂದೊಂದು ಕಡಿತಾರ. ನಮ್ಮ ಹಿರಿಯರಿಗಿ ಅದೇ ಹೆಚ್ಚು ಒಪ್ತದ ಅಂತ ನನ್ನ ಅಭಿಪ್ರಾಯ, ಆದ್ರ ಮೊಣಕಾಲ ಸವದವ್ರಿಗಿ ಮನ್ಯಾಗ ಮಾಡಸಬ್ಯಾಡ್ರಿ.

ರೂಢಿ ಇಲ್ಲ ಅಂತ ಎರಡು ಮೂರು ಕಮ್ಮಿ ಆಗಬಹುದು, ಖರೆ ಅದ. ಕುರ್ಚಿ ಎತ್ತರಾನೂ ಲೆಕ್ಕಕ್ಕ ಬರ್ತದ, 17 ಇಂಚು ಇರಬೇಕು. ಕ್ಯಾಂಪಿನಾಗಿನ ಪ್ಲಾಸ್ಟಿಕ್ ಕುರ್ಚಿ ತಗ್ಗು ಇರ್ತಾವ, ಒಳಗ ಕುಸದು ಕುಂದ್ರಸ್ತಾವ. ಬೇಕಂದ್ರ ಗಟ್ಟಿ ಕಟ್ಟಿಗಿ ಕುರ್ಚಿ ಗ್ವಾಡಿಗಿ ಹಚ್ಚಿ, ನೀವು ಬಾಜೂಕ ನಿಂತು, ಒಂದೆರಡು ಸಲ ಕಲಿಸಿ ಆಮ್ಯಾಲ ಮತ್ತ ಮಾಡಸ್ರಿ. ಇನ್ನೊಂದು ಸಸ್ತಾ ಟೆಸ್ಟ್, ಪಡಸಾಲ್ಯಾಗ 4 ಮೀಟರ್ ಅಳದು ಗೆರಿ ಹಾಕ್ರಿ, ರೂಢಿ ನಡಿಗಿಲೆ 5 ಸೆಕೆಂಡ್ ಇಲ್ಲಾ ಅದಕ್ಕಿಂತ ಹೆಚ್ಚು ಹಿಡದ್ರ ನಡಿಗಿ ನಿಧಾನ ಆಗ್ಯದ ಅಂತ ಲೆಕ್ಕ.

ಶಹಾಪುರ ಮಾವಾರ, ಬೆಲ್ಟಿನ ಮಾತಿಗಿ ನಾ ನಿಮ್ಮ ಕಡೀನೇ. ಆದ್ರ ಇಂಜೆಕ್ಷನ್ ಬ್ಯಾಡ್ರಿ. 2010ರಾಗ ಆಸ್ಟ್ರೇಲಿಯಾದಾಗ ವಯಸ್ಸಾದ ಹೆಣ್ಮಕ್ಕಳಿಗಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ವಿಟಮಿನ್ ಡಿ ಕೊಟ್ಟು ನೋಡಿದ್ರು, ಕೊಟ್ಟವ್ರೇ ಹೆಚ್ಚು ಬಿದ್ರು, ಎಲುಬು ಮುರಕೊಂಡದ್ದೂ ಅವ್ರೇ ಹೆಚ್ಚು. ಕಮ್ಮಿ ಇದ್ರ ಡಾಕ್ಟರ್ ಕೊಟ್ಟಷ್ಟು ತಗೋಬೇಕು, ಅದು ಬ್ಯಾರೆ ಮಾತು.

ಶಹಾಪುರ_ಮಾವ:

ಇದು ಗೊತ್ತಿದ್ದಿಲ್ಲ ಸರ. ನಮ್ಮ ಕಡಿ ಕಾಲು ನೋವು ಅಂದ್ರ ಮೊದಲು ಅದೇ ಚುಚ್ತಾರ. ಆದ್ರೂ ನಾ ಒಂದು ಕೇಳ್ತೀನಿ, ಟೆಸ್ಟ್ ಯಾರು ಬೀಳ್ತಾರ ಅಂತ ಹೇಳಂಗಿಲ್ಲ ಅಂತ ನೀವೇ ಅಂತೀರಿ, ಮತ್ತ ಅದನ್ನ ಹಿಡಕೊಂಡು ಏನು ಮಾಡೋದು?

ಚಿತ್ತಾಪುರ_ಮಾಸ್ತರ:

ಮಾವಾರ, ಮೋಡ ಕಟ್ಟಿದ್ದೆಲ್ಲಾ ಮಳಿ ಆಗಂಗಿಲ್ಲ, ಆದ್ರ ಕಣದಾಗ ತೊಗರಿ ಬಿದ್ದಿದ್ರ ತಾಡಪತ್ರಿ ಹುಡುಕ್ತೀರೋ ಇಲ್ಲೋ?

ಬ್ರಹ್ಮಪುರ_ಅಣ್ಣ:

ನಾನೇ ಆ ಅಣ್ಣ. ತಂಗಿ ಲಿಂಕ್ ಕಳಸ್ಯಾಳ, ಓದಿದೆ. ಜಲ್ದಿ ಮಾಡಸಬಾರದು ಅಂತ ಒಪ್ಪಿದೆ ಬಿಡ್ರಿ. ನಿನ್ನೆ ಅವ್ವನ್ನ ಸುಮ್ಮನೆ ನೋಡ್ಕೊಂಡು ಕುಂತೆ, ತಿರುಗುವಾಗ ಖರೇನೇ ಸಣ್ಣ ಸಣ್ಣ ಹೆಜ್ಜಿ ಹಾಕ್ತಾಳ, ಕಪಾಟು ಹಿಡಕೋತಾಳ, ಇಷ್ಟು ದಿನ ಅದನ್ನ ಯಾರೂ ನೋಡೇ ಇಲ್ಲ. ಈಗ ಮಾಡೋದು ಏನು ಅಂತ ಹೇಳ್ರಿ. ದಿನಾ ಸಂಜಿ ಶರಣಬಸವೇಶ್ವರ ಗುಡಿತನ ವಾಕಿಂಗ್ ಕರ್ಕೊಂಡು ಹೋಗ್ಲೇನು? ಜಿಮ್ ಪಿಮ್ ಆಕಿ ಬರಂಗಿಲ್ಲ.

ಬೀದರ್_ಫಿಸಿಯೋ:

ಅಣ್ಣಾರ, ಗುಡಿಗಿ ಕರ್ಕೊಂಡು ಹೋಗ್ರಿ, ಮನಸ್ಸಿಗೂ ಚೊಲೊ. ಆದ್ರ ಬರೇ ವಾಕಿಂಗ್ ಮಾಡಿದ್ರ ಬೀಳೋದು ಕಮ್ಮಿ ಆಗ್ತದ ಅನ್ಲಕ್ಕ ಗಟ್ಟಿ ಪುರಾವಿ ಇಲ್ಲ. ಕಮ್ಮಿ ಮಾಡೋದು ಬ್ಯಾಲೆನ್ಸ್ ಮತ್ತ ಕಾಲಿನ ಶಕ್ತಿ ವ್ಯಾಯಾಮ. 2019ರಾಗ ಕೊಕ್ರೇನ್ ಅನ್ನೋ ವೈದ್ಯಕೀಯ ಸಂಶೋಧನಾ ಸಂಸ್ಥೆದವ್ರು ನೂರರ ಮ್ಯಾಲ ಟ್ರಯಲ್ ಕೂಡಸಿ ನೋಡ್ಯಾರ, ವ್ಯಾಯಾಮ ಮಾಡಿದವ್ರಾಗ ಬೀಳೋ ಪ್ರಮಾಣ ಶೇ 23ರಷ್ಟು ಕಮ್ಮಿ. ನ್ಯೂಜಿಲೆಂಡ್‌ದ ಒಟಾಗೊ ಪದ್ಧತಿ ಮನ್ಯಾಗೇ ಮಾಡೋದು, ವಾರಕ್ಕ ಮೂರು ದಿನ ಅರ್ಧ ಅರ್ಧ ತಾಸು, ಅದರ ಜೋಡಿ ನಡಿಗಿ. ಜಿಮ್ ಏನೂ ಬೇಕಿಲ್ಲ.

ಶುರು ಮಾಡೋದು ಹಿಂಗ. ಅಡಗಿಮನಿ ಕಟ್ಟಿ ಹಿಡಕೊಂಡು ಹಿಮ್ಮಡ ಎತ್ತಿ ಬೆರಳ ಮ್ಯಾಲ ನಿಲ್ಲೋದು, ಇಳಿಯೋದು. ಅದೇ ಕಟ್ಟಿ ಹಿಡಕೊಂಡು ಅಡ್ಡಡ್ಡ ನಡಿಯೋದು. ಗಟ್ಟಿ ಕುರ್ಚಿಯಿಂದ ಏಳೋದು ಕುಂದ್ರೋದು, ಮೊದಲು ಕೈ ಹಚ್ಚಿ, ಆಮ್ಯಾಲ ಒಂದು ಕೈ, ಆಮ್ಯಾಲ ಕೈ ಬಿಟ್ಟು, ಸೀಟಿನ ಮ್ಯಾಲ ಒಂದು ದಿಂಬು ಹಾಕಿದ್ರ ಎತ್ತರ ಆಗಿ ಹಗರ ಆಗ್ತದ. ಒಂದು ಕಾಲಿನ ಮುಂದ ಇನ್ನೊಂದು ಇಟ್ಟು ನಿಲ್ಲೋದು, ಗ್ವಾಡಿ ಬಾಜೂಕ. ಜರಾ ಕಷ್ಟ ಆಗಬೇಕು, ಪೂರ್ತಿ ಹಗರ ಆಗಿಬಿಟ್ರ ಬ್ಯಾಲೆನ್ಸ್ ಕಲಿಯಂಗಿಲ್ಲ, ಅದಕ್ಕೇ ಬಾಜೂಕ ಒಬ್ರು ಇರಬೇಕು. ಮೊದಲು ಒಮ್ಮೆ ಫಿಸಿಯೋಗ ತೋರಸಿ, ಸರ್ಕಾರಿ ಜಿಲ್ಲಾ ಆಸ್ಪತ್ರಿದಾಗೂ ವಿಭಾಗ ಇರ್ತದ, ಮೊಣಕಾಲಿಗಿ ಯಾವುದು ಒಪ್ತದ ಅವ್ರು ಹೇಳ್ತಾರ. ಹಟ ಮಾಡಿದ್ರ ಮೊಮ್ಮಗಳನ್ನ ಎಣಸಲಕ್ಕ ಕುಂದ್ರಸ್ರಿ, ಅಜ್ಜಂದಿರು ಅಜ್ಜಿಯಂದಿರು ನಮ್ಮ ಮಾತು ಕೇಳಂಗಿಲ್ಲ, ಅವ್ರ ಮಾತು ಕೇಳ್ತಾರ.

ಎರಡು ಮೂರು ತಿಂಗಳ ಮ್ಯಾಲ ಅದೇ ಕುರ್ಚಿ ಅದೇ ಚಪ್ಪಲ್ ಹಾಕಿ ಟೆಸ್ಟ್ ಮತ್ತ ಮಾಡಸ್ರಿ. 7 ಇದ್ದದ್ದು 9 ಆದ್ರ ಅದೇ ನಿಮಗ ಬೇಕಾದ ಉತ್ತರ. ಮಾವಾರು ಕೇಳಿದ್ದಕ್ಕೂ ಇದೇ ಉತ್ತರ ನೋಡ್ರಿ.

ಬ್ರಹ್ಮಪುರ_ಅಕ್ಕ:

ಇವತ್ತು ರಾತ್ರಿಗಿ ಪ್ಲಗ್ಗಿಗಿ ಹಾಕೋ ಸಣ್ಣ ಲೈಟ್ ತಂದು ಹಚ್ಚೀವಿ, ಅವ್ವ ಕರೆಂಟ್ ಬಿಲ್ ಬರ್ತದ ಅಂತ ಗೊಣಗ್ಲತ್ತಾಳ. ಅವ್ವನ್ನ ನಿಲ್ಲಸಿ ಬಿಪಿ ನೋಡಸಲಕ್ಕ ಡಾಕ್ಟರ್ ಹತ್ತಿರ ಸೋಮವಾರ ಹೋಗ್ತೀವಿ, ಗುಳಿಗಿ ಎಲ್ಲಾ ಒಂದು ಚೀಲದಾಗ ಹಾಕೊಂಡೇ ಹೋಗ್ತೀವಿ. ಬಚ್ಚಲದಾಗ ಹಿಡಕೊಳ್ಳಲಕ್ಕ ಒಂದು ಟವೆಲ್ ರಾಡ್ ಅದ, ಸ್ಟೀಲಿಂದು, ಅದು ಸಾಕೇನ್ರಿ?

ಬೀದರ್_ಫಿಸಿಯೋ:

ಸಾಕಾಗಂಗಿಲ್ರಿ ಅಕ್ಕಾರ. ಟವೆಲ್ ರಾಡ್ ಟವೆಲ್ ತಡಿತದ, ಮನಷ್ಯಾರ ಭಾರ ತಡಿಯಂಗಿಲ್ಲ, ಜಾರಿದಾಗ ಜಗ್ಗಿದ್ರ ಸ್ಕ್ರೂ ಸಮೇತ ಕೈಯಾಗ ಬರ್ತದ. ಗ್ರ್ಯಾಬ್ ಬಾರ್ ಅಂತಲೇ ಸ್ಯಾನಿಟರಿ ಅಂಗಡ್ಯಾಗ ಕೇಳ್ರಿ, ಗ್ವಾಡಿ ಗಟ್ಟಿ ಇರೋ ಕಡಿ, ಅವ್ವಾರು ಈಗ ಎಲ್ಲಿ ಕೈ ಊರ್ತಾರ ನೋಡಿ ಅಲ್ಲೇ ಹಾಕಸ್ರಿ. ಪ್ಲಂಬರ್ ತನಗ ಅನುಕೂಲ ಇದ್ದಲ್ಲಿ ಹಾಕ್ತಾನ, ಬಾಜೂಕ ನಿಂತೇ ಮಾಡಸ್ರಿ.